ಹಾವು, ಓತಿ, ಆಮೆ: ಪೆಟ್ಟಿಗೆ ರಿಪೇರಿ

ಜನವರಿಯ ಒಂದು ಬೆಳಗ್ಗೆ ನಮ್ಮ ಮನೆಯ ಬಾಲ್ ಪೈಥಾನ್ ಫ್ರಿಜ್ಜಿನ ಹಿಂದೆ ಸಿಕ್ಕಿತು. ಕಂಪ್ರೆಸರ್‌ಗೆ ಒತ್ತಿಕೊಂಡು ಚೆಂಡಿನ ಹಾಗೆ ಸುತ್ತಿ ಮಲಗಿತ್ತು. ಪೆಟ್ಟಿಗೆಯ ಬಾಗಿಲು ಹಾಕಿದ ಹಾಗೇ ಇತ್ತು, ಬೀಗವೂ ಬಿದ್ದಿತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹಿಂಬದಿಯ ಹಲಗೆಯ ತೂತು ಕಣ್ಣಿಗೆ ಬಿತ್ತು. ಹೀಟರಿನ ವೈರು ಹೊರಗೆ ಬರಲೆಂದು ಬಡಗಿ ಕೊರೆದದ್ದು. ವೈರು ಕಿರುಬೆರಳಿಗಿಂತ ತೆಳ್ಳಗಿದೆ, ತೂತು ಮಾತ್ರ ತ್ರೀ-ಪಿನ್ ಪ್ಲಗ್ ಹಾಯುವಷ್ಟು ದೊಡ್ಡದು. ಹಾಗೆ ಕೊರೆಯಲು ಹೇಳಿದವನು ನಾನೇ.

ಆ ರಾತ್ರಿ ಇನ್ನೊಂದು ಕೆಲಸವೂ ಕೆಟ್ಟಿತ್ತು. ಹೀಟರ್ ಸುಟ್ಟುಹೋಗಿ ಪೆಟ್ಟಿಗೆ ತಣ್ಣಗಾಗಿತ್ತು. ಒಂದು ದೋಷ ಹಾವಿಗೆ ಹೊರಡುವ ಮನಸ್ಸು ಕೊಟ್ಟಿತು, ಇನ್ನೊಂದು ದಾರಿ ಕೊಟ್ಟಿತು. ಅಲ್ಲಿಂದೀಚೆಗೆ ನನ್ನ ಪೆಟ್ಟಿಗೆಗಳನ್ನೂ ಗೆಳೆಯರ ಪೆಟ್ಟಿಗೆಗಳನ್ನೂ ನೋಡುವಾಗ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದರಲ್ಲಿ ಯಾವುದೋ ಒಂದು ಭಾಗ ಇವತ್ತು ರಾತ್ರಿ ಕೈಕೊಟ್ಟರೆ ಒಳಗಿರುವ ಜೀವಕ್ಕೆ ಏನಾಗುತ್ತದೆ? ಎಲ್ಲವೂ ನೆಟ್ಟಗಿರುವಾಗ ಯಾವ ಪೆಟ್ಟಿಗೆಯೂ ಚೆನ್ನಾಗಿಯೇ ಕಾಣುತ್ತದೆ.

ರಿಪೇರಿಗೆ ಕೈಹಾಕುವ ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಾಗರಹಾವು, ಕೇರೆ, ಹೆಬ್ಬಾವು, ಉಡ, ನಕ್ಷತ್ರ ಆಮೆ, ಹೀಗೆ ನಮ್ಮ ನೆಲದ ಸರೀಸೃಪಗಳನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. ಪ್ರೀತಿಯಿಂದ ನೋಡಿಕೊಳ್ಳುತ್ತೇನೆ ಎನ್ನುವುದು ಅಲ್ಲಿ ನಡೆಯುವುದಿಲ್ಲ. ವಿದೇಶಿ ಜಾತಿಗಳ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂತು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ಅದರ ನಾಲ್ಕನೇ ಅನುಸೂಚಿಯಲ್ಲಿವೆ. ಬಾಲ್ ಪೈಥಾನ್ ಮತ್ತು ಹಸಿರು ಇಗ್ವಾನಾ ಎರಡೂ ಈ ಪಟ್ಟಿಗೆ ಸೇರಿದವು. ಇಂಥವನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮರಿಯಾದರೂ ಸತ್ತರೂ ಕೈಬದಲಾದರೂ ತಿಳಿಸಬೇಕು. ಇನ್ನೂ ಕೊಳ್ಳದವರು ಕೊಳ್ಳದೇ ಇದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಈಗಾಗಲೇ ಮನೆಗೆ ಬಂದುಬಿಟ್ಟಿರುವ ಪ್ರಾಣಿಗಾಗಿ ಈ ಬರಹ.

ಒಂದು ಶೀಟ್ ಪ್ಲೈವುಡ್ಡಿನ ಲೆಕ್ಕ

ಅಂಗಡಿಗಳಲ್ಲಿ ಸಿಗುವ ರೆಡಿಮೇಡ್ ಪೆಟ್ಟಿಗೆಗಳ ಮೊದಲ ದೋಷ ಅಳತೆ. ಮರಿಗೆ ಸರಿಹೋಗುವ ಡಬ್ಬಿಯನ್ನೇ ಜೀವಮಾನಕ್ಕೆ ಸಾಕು ಎಂದು ದಾಟಿಸುತ್ತಾರೆ. ಬಾಲ್ ಪೈಥಾನ್ ಬೆಳೆದರೆ ಮೂರರಿಂದ ಐದು ಅಡಿ. ಅದು ನೀಟಾಗಿ ಮೈಚಾಚುವಷ್ಟಾದರೂ ಉದ್ದ ಬೇಕು. ಗಡ್ಡದ ಓತಿ, ಅಂದರೆ ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರ್ಯಾಗನ್, ಎರಡು ಅಡಿ ದಾಟುವುದು ಅಪರೂಪ. ಆದರೆ ಅದಕ್ಕೆ ಓಡಾಟ ಬೇಕು. ಇವೆರಡಕ್ಕೂ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆ ಕನಿಷ್ಠ ಎಂದು ಇಟ್ಟುಕೊಳ್ಳಿ. ಐದಡಿಯ ಹಾವಾದರೆ ಐದಡಿಯ ಪೆಟ್ಟಿಗೆ.

ಬಡಗಿಯ ಹತ್ತಿರ ಹೋಗುವವರಿಗೆ ಒಂದು ಸಂತೋಷದ ಸುದ್ದಿ ಇದೆ. ನಾಲ್ಕಡಿಯ ಪೆಟ್ಟಿಗೆಯ ತಳಕ್ಕೆ 8 ಚದರ ಅಡಿ, ಮೇಲ್ಭಾಗಕ್ಕೆ 8, ಹಿಂಬದಿಗೆ 8, ಎರಡು ಪಕ್ಕಗಳಿಗೆ ನಾಲ್ಕು ನಾಲ್ಕು. ಒಟ್ಟು 32. ಎಂಟಡಿಗೆ ನಾಲ್ಕಡಿಯ ಒಂದು ಪ್ಲೈವುಡ್ ಶೀಟಿನ ವಿಸ್ತೀರ್ಣವೂ 32 ಚದರ ಅಡಿಯೇ. ಗರಗಸ ತಿನ್ನುವಷ್ಟನ್ನು ಬಿಟ್ಟರೆ ಒಂದಿಂಚೂ ಹಾಳಾಗುವುದಿಲ್ಲ. ಮುಂಬದಿಯ ಗಾಜು ಕೂರಿಸುವ ಪಟ್ಟಿಗೆ ಮಾತ್ರ ಅಂಗಡಿಯ ತುಂಡುಗಳನ್ನು ಕೇಳಿ ತರಬೇಕು.

ಇಲ್ಲಿ ಬಡಗಿಗೂ ನಮಗೂ ಒಂದು ಜಗಳ ಆಗಲೇಬೇಕು. ಅವರು ಇದನ್ನು ಬೀರು ಎಂದುಕೊಂಡಿರುತ್ತಾರೆ. ಹೊರಗೆ ಸನ್‌ಮೈಕಾ ಅಂಟಿಸಿ ಮಿರಮಿರ ಮಿಂಚಿಸುತ್ತಾರೆ, ಒಳಗನ್ನು ಬರೀ ಮರವಾಗಿ ಬಿಡುತ್ತಾರೆ. ನಮಗೆ ಬೇಕಾದದ್ದು ತಿರುವುಮುರುವು. ಹೊರಗೆ ಹೇಗಿದ್ದರೂ ನಡೆದೀತು. ಒಳಗೆ ನೀರು ಚೆಲ್ಲುತ್ತದೆ, ಪ್ರಾಣಿ ಉಚ್ಚೆ ಮಾಡುತ್ತದೆ, ತೇವದ ತೆಂಗಿನ ನಾರಿನ ಪುಡಿ ವರ್ಷಗಟ್ಟಲೆ ಕೂತಿರುತ್ತದೆ. ಆರು ತಿಂಗಳಲ್ಲಿ ಪ್ಲೈ ಉಬ್ಬಿ ಪದರ ಬಿಡುತ್ತದೆ, ಬೂಷ್ಟು ಹಿಡಿಯುತ್ತದೆ. ಒಳಗಿನ ಎಲ್ಲ ಮೂಲೆಗಳಿಗೂ ಅಕ್ವೇರಿಯಂ ಸಿಲಿಕೋನ್ ಎಳೆಸಿ, ಮೈಗೆಲ್ಲ ನೀರು ಬೆರೆಸುವ ಬಗೆಯ ಪಾಲಿಯುರಿಥೇನ್ ಮೂರು ಕೋಟ್ ಕೊಡಿಸಿ. ಬಚ್ಚಲುಮನೆಗೆಂದು ಮಾರುವ ಸಿಲಿಕೋನಿನಲ್ಲಿ ಬೂಷ್ಟು ತಡೆಯುವ ಔಷಧ ಬೆರೆತಿರುತ್ತದೆ, ಅದು ಬೇಡ. ಬಳಿದ ಮೇಲೆ ಬಾಗಿಲು ತೆರೆದಿಟ್ಟು ಎರಡು ವಾರ ಒಣಗಲಿ. ಸಿಲಿಕೋನಿನ ಹುಳಿ ವಾಸನೆ ಮೂಗಿಗೆ ಹತ್ತುತ್ತಿರುವವರೆಗೂ ಪ್ರಾಣಿಯನ್ನು ಒಳಗೆ ಬಿಡಬೇಡಿ.

ತಲೆ ಹೋದರೆ ಮೈ ಹೋಯಿತು

ಗಾಜಿನ ಜಾರುಬಾಗಿಲು ಅಂಗಡಿಯ ಶೋಕೇಸಿನಿಂದ ಬಂದದ್ದು. ಶೋಕೇಸಿನೊಳಗೆ ಬೊಂಬೆ ಇರುತ್ತದೆ, ಬೊಂಬೆ ಸಂದು ಹುಡುಕುವುದಿಲ್ಲ. ಎರಡು ಗಾಜುಗಳು ಒಂದರ ಮೇಲೊಂದು ಹಾಯುವ ಕಡೆ ಉಳಿಯುವ ಸಂದು ನಾಲ್ಕೈದು ಮಿಲಿಮೀಟರ್ ಇರಬಹುದು. ಅಷ್ಟೇ ತಾನೇ ಎನ್ನಬೇಡಿ. ಕಾರ್ನ್ ಸ್ನೇಕ್ ಮರಿ ಮೊಟ್ಟೆಯಿಂದ ಹೊರಬಂದಾಗ ಪೆನ್ಸಿಲಿನಷ್ಟು ದಪ್ಪ, ತಲೆ ಅದಕ್ಕಿಂತ ಚಪ್ಪಟೆ. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಧೂಳು ತಡೆಯುವ ಬ್ರಷ್ ಪಟ್ಟಿ ಸಿಗುತ್ತದೆ. ಅದನ್ನು ಒಳಗಾಜಿನ ಅಂಚಿಗೆ ಉದ್ದಕ್ಕೂ ಕೂರಿಸಿದರೆ ಸಂದು ಮುಚ್ಚುತ್ತದೆ, ಗಾಜೂ ಸರಾಗವಾಗಿ ಜಾರುತ್ತದೆ. ಶೋಕೇಸಿಗೆ ಹಾಕುವ ಹಲ್ಲುಪಟ್ಟಿಯ ಬೀಗವನ್ನೇ ಇದಕ್ಕೂ ಹಾಕಿ. ಮುಂದೆ ಒಂದು ಬೀಗ ಸಾಲದು. ಹಾವು ಮೂಗಿನಿಂದ ಗಾಜನ್ನು ಪಕ್ಕಕ್ಕೆ ತಳ್ಳುವುದನ್ನು ರಾತ್ರಿಯೆಲ್ಲ ಮಾಡಬಲ್ಲದು, ಅದಕ್ಕೆ ಬೇಸರವಿಲ್ಲ. ಆದ್ದರಿಂದ ಗಾಜು ಜಾರುವ ಹಾದಿಯಲ್ಲಿ ಒಂದು ಮರದ ಬೆಣೆ ಇಡುವುದನ್ನು ರೂಢಿ ಮಾಡಿಕೊಳ್ಳಿ.

ಮೇಲೆ ಮುಚ್ಚಳವಿರುವ ಗಾಜಿನ ತೊಟ್ಟಿಯಾದರೆ ದೋಷ ಮುಚ್ಚಳದಲ್ಲೇ ಇರುತ್ತದೆ. ಮೇಲೊಂದು ಇಟ್ಟಿಗೆ ಇಟ್ಟರಾಯಿತು ಎನ್ನುವವರುಂಟು. ಇಟ್ಟಿಗೆ ಒಂದು ದಿನ ಒಳಗೆ ಬೀಳುತ್ತದೆ. ನಾಲ್ಕು ಮೂಲೆಗೂ ಟಿಫಿನ್ ಡಬ್ಬಿಯ ತರಹದ ಒತ್ತುಕ್ಲಿಪ್ಪು ಹಾಕಿಸಿ.

ವೈರಿನ ತೂತಿಗೆ ಬರೋಣ. ಪ್ಲಗ್ ಹಾಯಿಸಲೆಂದು ದೊಡ್ಡ ತೂತು ಕೊರೆಯುವುದು ತಪ್ಪು. ವೈರು ಬಿಗಿಯಾಗಿ ಹಿಡಿಯುವಷ್ಟೇ ಕೊರೆದು, ವೈರು ಹಾಯಿಸಿ, ಆಮೇಲೆ ಹೊರತುದಿಗೆ ಪ್ಲಗ್ ಕಟ್ಟಬೇಕು. ಎಲೆಕ್ಟ್ರಿಷಿಯನ್‌ಗೆ ಐದು ನಿಮಿಷದ ಕೆಲಸ. ಈಗಾಗಲೇ ಕೊರೆದಾಗಿದ್ದರೆ ರಬ್ಬರಿನ ಬುಶ್ ಹಾಕಿ, ಉಳಿದ ಜಾಗಕ್ಕೆ ಸಿಲಿಕೋನ್ ತುಂಬಿ.

ಆದರೆ ಯಾವ ಕಾರಣಕ್ಕೂ ಅಲ್ಲಿ ಸೆಲ್ಲೋಟೇಪನ್ನಾಗಲಿ, ಪ್ಯಾಕಿಂಗ್ ಟೇಪನ್ನಾಗಲಿ ಅಂಟಿಸಬೇಡಿ. ಪೆಟ್ಟಿಗೆಯೊಳಗೆ ಯಾವ ಬಗೆಯ ಅಂಟುಪಟ್ಟಿಯೂ ಇರಕೂಡದು. ತೇವಕ್ಕೆ ಒಂದು ತುದಿ ಏಳುತ್ತದೆ, ಹಾವು ಅದರ ಮೇಲೆ ಹರಿಯುತ್ತದೆ, ಬಿಡಿಸಿಕೊಳ್ಳಲು ಹೊರಳಿದಷ್ಟೂ ಸುತ್ತಿಕೊಳ್ಳುತ್ತದೆ. ಎಳೆದು ಕಿತ್ತರೆ ಚರ್ಮವೇ ಬರುತ್ತದೆ. ಹಾಗೇನಾದರೂ ಆದರೆ ಅಂಟಿನ ಮೇಲೆ ಅಡುಗೆ ಎಣ್ಣೆ ಸವರಿ, ನೆನೆಯಲು ಬಿಟ್ಟು, ತಲೆಯಿಂದ ಬಾಲದ ಕಡೆಗೆ ಕೂದಲೆಳೆಯಷ್ಟೇ ಬಿಡಿಸುತ್ತ ಬರಬೇಕು. ಬಾರದಿದ್ದರೆ ಹಾಗೇ ಪಶುವೈದ್ಯರ ಹತ್ತಿರ ಒಯ್ಯಿರಿ.

ಗಾಳಿಗೆಂದು ಹಾಕುವ ಕಬ್ಬಿಣದ ಸೊಳ್ಳೆಜಾಲರಿಯಿಂದ ಇನ್ನೊಂದು ಬಗೆಯ ಗಾಯ ಆಗುತ್ತದೆ. ಹೊರಗೆ ಹೋಗಲು ಮೂಗು ಉಜ್ಜಿ ಉಜ್ಜಿ ಮೂತಿಯ ತುದಿ ಕೆಂಪಾಗಿ, ಹುಣ್ಣಾಗಿ, ಬಾಯೊಳಗೆ ಸೋಂಕು ಇಳಿಯುತ್ತದೆ. ಪ್ರಾಣಿಯ ಮೂತಿ ನಿಲುಕುವ ಎತ್ತರದಲ್ಲಿ ಜಾಲರಿ ಬೇಡ, ಅಲ್ಲಿ ತೂತು ತೂತಿನ ನುಣುಪು ತಗಡು ಹಾಕಿ. ಗಾಜಿಗೇ ಮೂಗು ತಿಕ್ಕುವ ಪ್ರಾಣಿಯಾದರೆ ಗಾಜಿನ ಕೆಳಗಿನ ನಾಲ್ಕು ಇಂಚಿಗೆ ಹೊರಗಿನಿಂದ ಬಣ್ಣದ ಕಾಗದ ಅಂಟಿಸಿ. ಕಾಣದಿದ್ದರೆ ಅಲ್ಲಿ ದಾರಿ ಇದೆ ಎಂಬ ಆಸೆಯೂ ಇರುವುದಿಲ್ಲ. ಗಾಳಿಕಿಂಡಿಯನ್ನು ತಂಪಿನ ಬದಿಯಲ್ಲಿ ತಳದ ಹತ್ತಿರ, ಬಿಸಿಯ ಬದಿಯಲ್ಲಿ ಮೇಲೆ ಇಡಿ. ಬಿಸಿಗಾಳಿ ತಾನೇ ಮೇಲಿಂದ ಹೊರಟು ಕೆಳಗಿಂದ ಹೊಸಗಾಳಿ ಎಳೆದುಕೊಳ್ಳುತ್ತದೆ, ಹಳೆಯ ಅಡುಗೆಮನೆಯ ಹೊಗೆಗೂಡಿನ ಹಾಗೆ.

ಬಿಸಿ ಎಂಬ ಅಪಾಯ

ಬೇಲಿಯ ಮೇಲಿನ ಓತಿಕ್ಯಾತನನ್ನು ಒಂದು ಬೆಳಗ್ಗೆ ಕೂತು ನೋಡಿ. ಎಂಟು ಗಂಟೆಗೆ ಕಲ್ಲಿನ ಮೇಲೆ ಮೈಯೊಡ್ಡಿ ಕೂತಿರುತ್ತಾನೆ. ಹತ್ತಕ್ಕೆ ಅರ್ಧ ನೆರಳಿಗೆ ಸರಿಯುತ್ತಾನೆ. ಮಧ್ಯಾಹ್ನ ಕಾಣಿಸುವುದೇ ಇಲ್ಲ. ಅವನ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ, ಜಾಗ ಬದಲಿಸಿಯೇ ಬಿಸಿಯನ್ನು ಹದಮಾಡಿಕೊಳ್ಳುತ್ತಾನೆ. ಗಡ್ಡದ ಓತಿ ಇವನದೇ ಕುಟುಂಬದ ದೂರದ ನೆಂಟ. ಆದ್ದರಿಂದ ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಇದೆ ಎಂದು ಕೇಳುವುದೇ ಅರ್ಧ ತಪ್ಪು. ಎಲ್ಲಿ ಎಷ್ಟಿದೆ ಎಂದು ಕೇಳಬೇಕು. ಗಡ್ಡದ ಓತಿಗೆ ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಕು, ಇನ್ನೊಂದು ತುದಿ 25ರ ಹತ್ತಿರ ಇರಬೇಕು. ಬಾಲ್ ಪೈಥಾನಿಗೆ ಬಿಸಿಯ ಬದಿ 31ರಿಂದ 33, ತಂಪಿನ ಬದಿ 25, 26. ಹೀಟರನ್ನು ನಟ್ಟನಡುವೆ ಹಾಕಿದ ಪೆಟ್ಟಿಗೆಯಲ್ಲಿ ತಂಪಿನ ಬದಿ ಎಂಬುದೇ ಇರುವುದಿಲ್ಲ. ಇಂಥದ್ದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ರಿಪೇರಿಗೆ ಖರ್ಚೂ ಇಲ್ಲ, ಹೋಲ್ಡರನ್ನು ಬಿಚ್ಚಿ ಒಂದು ಮೂಲೆಗೆ ಹಾಕಿದರಾಯಿತು.

ಅಡಗುತಾಣ ಎರಡೂ ಬದಿಯಲ್ಲಿ ಒಂದೊಂದು ಇರಲಿ. ಒಂದೇ ಇದ್ದರೆ ಹಾವು ಬಿಸಿ ಬೇಕೋ ಬಚ್ಚಿಟ್ಟುಕೊಳ್ಳುವುದು ಬೇಕೋ ಎಂದು ಆರಿಸಬೇಕಾಗುತ್ತದೆ. ಹೆದರಿದ ಹಾವು ಬಿಸಿಯನ್ನು ಬಿಟ್ಟು ಮರೆಯನ್ನೇ ಆರಿಸಿಕೊಳ್ಳುತ್ತದೆ.

ಥರ್ಮೋಸ್ಟಾಟ್ ಇಲ್ಲದ ಹೀಟರ್ ಬೇಡವೇ ಬೇಡ. ಹಾಗೆಂದು ಥರ್ಮೋಸ್ಟಾಟ್ ಇದೆ ಎಂದು ನಿಶ್ಚಿಂತೆಯಿಂದ ಮಲಗಲೂ ಆಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಂಥ ಮಾರುಕಟ್ಟೆಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಕಂಟ್ರೋಲರ್‌ಗಳೊಳಗೆ ಒಂದು ರಿಲೇ ಇರುತ್ತದೆ. ದಿನಕ್ಕೆ ನೂರಾರು ಸಲ ಹಚ್ಚಿ ಆರಿಸಿ ಅದರ ಲೋಹದ ತುದಿಗಳು ಕಿಡಿಗೆ ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪರದೆಯ ಮೇಲೆ ಎಲ್ಲ ಸರಿಯಾಗಿರುವ ಹಾಗೆ ಅಂಕಿ ಕಾಣುತ್ತದೆ, ಹೀಟರ್ ಮಾತ್ರ ಆರುವುದೇ ಇಲ್ಲ. ನನ್ನದೊಂದು ಹಾಗೇ ಆಯಿತು. ಪೆಟ್ಟಿಗೆ ತೊಳೆಯಲೆಂದು ಹಾವನ್ನು ಅವತ್ತು ಹೊರಗಿಟ್ಟಿದ್ದೆ. ಸಂಜೆ ಬಂದು ಬಾಗಿಲು ತೆಗೆದಾಗ ಒಳಗಿನ ಬಿಸಿ ಮುಖಕ್ಕೆ ಬಡಿಯಿತು, ನೀರಿನ ಬಟ್ಟಲು ಬೆಚ್ಚಗಾಗಿತ್ತು.

ಅಲ್ಲಿಂದ ಕಲಿತದ್ದು ಮೂರು. ಮೊದಲನೆಯದು ವ್ಯಾಟಿನ ವಿಷಯ. ಇದ್ದಬದ್ದ ದೊಡ್ಡ ಹೀಟರ್ ಹಾಕಿ ಥರ್ಮೋಸ್ಟಾಟಿನಿಂದ ಅದುಮಿಡುವುದಕ್ಕಿಂತ, ಬಿಡದೆ ಉರಿದರೂ ಪ್ರಾಣಿಯನ್ನು ಕೊಲ್ಲಲಾಗದಷ್ಟು ಚಿಕ್ಕ ಹೀಟರ್ ಹಾಕಬೇಕು. ಜನವರಿಯ ಬೆಳಗಿನ ಜಾವ ಬೇಕಾದಷ್ಟು ಬಿಸಿ ಕೊಡುವ ಅತಿ ಕಡಿಮೆ ವ್ಯಾಟ್ ಯಾವುದೋ ಅದು. ನನ್ನ ಪೆಟ್ಟಿಗೆಯಲ್ಲಿ 100 ವ್ಯಾಟ್ ಇದ್ದದ್ದನ್ನು ತೆಗೆದು ಕೊನೆಗೆ 50ಕ್ಕೆ ಬಂದು ನಿಂತೆ. ಎರಡನೆಯದು, ಅದೇ ಲೈನಿನಲ್ಲಿ ಇನ್ನೊಂದು ಥರ್ಮೋಸ್ಟಾಟ್. ಮೊದಲನೆಯದಕ್ಕಿಂತ ಮೂರು ಡಿಗ್ರಿ ಮೇಲೆ ಇಟ್ಟರೆ ಅದು ವರ್ಷವಿಡೀ ಸುಮ್ಮನಿರುತ್ತದೆ, ಬೇಕಾದ ದಿನ ಕರೆಂಟು ಕಡಿಯುತ್ತದೆ. ಮೂರನೆಯದು ಪ್ರೋಬ್, ಅಂದರೆ ಬಿಸಿ ಅಳೆಯುವ ವೈರಿನ ತುದಿ. ಅದನ್ನು ಸ್ಕ್ರೂ ಹಾಕಿದ ಕ್ಲಿಪ್ಪಿನಿಂದ ಪ್ರಾಣಿಯ ಬೆನ್ನಿನ ಎತ್ತರದಲ್ಲಿ ಬಿಗಿದಿಡಿ. ಸಡಿಲ ಬಿಟ್ಟ ಪ್ರೋಬನ್ನು ಹಾವು ಎಳೆದು ನೀರಿನ ಬಟ್ಟಲಿಗೆ ಹಾಕಿದರೆ, ಇಡೀ ಪೆಟ್ಟಿಗೆಯೇ ತಣ್ಣಗಿದೆ ಎಂದುಕೊಂಡು ಯಂತ್ರ ಹೀಟರನ್ನು ಉರಿಸುತ್ತಲೇ ಇರುತ್ತದೆ.

ಸೆರಾಮಿಕ್ ಹೀಟರಿನ ಮೈ 200 ಡಿಗ್ರಿಯನ್ನೂ ದಾಟಬಲ್ಲದು. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿಯದೇ ಬೇಕು. ಬಲ್ಬಾಗಲಿ ಸೆರಾಮಿಕ್ ಆಗಲಿ ಪೆಟ್ಟಿಗೆಯ ಒಳಗಿದ್ದರೆ ಸುತ್ತ ತಂತಿಯ ಗೂಡು ಇರಲೇಬೇಕು. ಹಾವು ಬಿಸಿ ಬಲ್ಬಿಗೇ ಸುತ್ತಿಕೊಂಡು ಸುಟ್ಟುಕೊಳ್ಳುವುದು ಕಟ್ಟುಕತೆಯಲ್ಲ. ಗೂಡಿಗೂ ಮೇಲಿನ ಹಲಗೆಗೂ ನಡುವೆ ಬೆರಳು ತೂರುವಷ್ಟು ಸಂದಿದ್ದರೂ ಹಾವು ಒಳಗೆ ನುಗ್ಗುತ್ತದೆ. ಕೆಳಗೆ ಹಾಸುವ ಹೀಟ್ ಮ್ಯಾಟಿನ ಮೇಲೆ ದಪ್ಪಗೆ ನಾರಿನ ಪುಡಿ ಹರಡಿದರೆ ಬಿಸಿ ಹೊರಡಲು ದಾರಿಯಿಲ್ಲದೆ ತಳದಲ್ಲೇ ಏರುತ್ತದೆ. ಹಾವು ಅಗೆದು ಕೆಳಗಿಳಿದು ಅದರ ಮೇಲೇ ಮಲಗುತ್ತದೆ. ಹೊಟ್ಟೆ ಸುಡುತ್ತಿದ್ದರೂ ಸರಿಯದೆ ಕೂತಿರುವುದುಂಟು. ಇನ್ನು ಬಿಸಿಗಲ್ಲು ಎಂದು ಮಾರುತ್ತಾರಲ್ಲ, ಒಳಗೆ ತಂತಿ ಹುದುಗಿಸಿದ ಕೃತಕ ಕಲ್ಲು, ಅದನ್ನು ರಿಪೇರಿ ಮಾಡುವ ಮಾತೇ ಇಲ್ಲ. ಎಸೆದುಬಿಡಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಪೆಟ್ಟಿಗೆಯ ನಕ್ಷೆಗಳೆಲ್ಲ ಬರುವುದು ಇಂಗ್ಲೆಂಡು, ಅಮೆರಿಕದಂಥ ಚಳಿಯ ನಾಡುಗಳಿಂದ. ಬಿಸಿ ಹೊರಗೆ ಹೋಗದಂತೆ ಹಿಡಿದಿಡುವುದೇ ಆ ನಕ್ಷೆಯ ಉದ್ದೇಶ. ಬೆಂಗಳೂರಿನಲ್ಲಿ ಜನವರಿಯ ಹದಿನೈದು ದಿನ ಅದು ಸರಿ. 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು. ತಾರಸಿಯ ಕೆಳಗಿನ ಕೋಣೆಯಲ್ಲಿ ಅಂಥ ದಿನ ಹೀಟರ್ ಆರಿದ್ದರೂ ಬಾಲ್ ಪೈಥಾನಿಗೆ ತಂಪಿನ ಬದಿ ಉಳಿಯುವುದಿಲ್ಲ. ಕಲಬುರಗಿ, ರಾಯಚೂರಿನವರಿಗಂತೂ ಹೇಳುವುದೇ ಬೇಡ. ಗಾಳಿಕಿಂಡಿಯನ್ನು ನಕ್ಷೆಯಲ್ಲಿ ಇರುವುದರ ಎರಡರಷ್ಟು ಕೊರೆಸಿ, ಚಳಿಗಾಲಕ್ಕೆ ಮುಚ್ಚಲು ಜಾರುಪಟ್ಟಿ ಇಡಿಸಿ. ಮೇಲಿನ ಕಿಂಡಿಗೆ ಕಂಪ್ಯೂಟರಿನೊಳಗಿನ 12 ವೋಲ್ಟಿನ ಪುಟ್ಟ ಫ್ಯಾನನ್ನು ಹೊರಮುಖವಾಗಿ ಕೂರಿಸಿದರೆ ಕಂಟ್ರೋಲರಿನ ತಂಪಿನ ಮೋಡಿನಲ್ಲಿ ಅದು ತಾನೇ ತಿರುಗುತ್ತದೆ. ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ಮೇಲಿನ ಶೆಲ್ಫಿನಿಂದ ನೆಲಕ್ಕೆ ಇಳಿಸಿ. ಮಂಗಳೂರು, ಉಡುಪಿಯ ಕಡೆ ಕತೆ ಬೇರೆ. ಅಲ್ಲಿ ಮಳೆಗಾಲದ ತೇವಕ್ಕೆ ಗಡ್ಡದ ಓತಿಯಂಥ ಒಣನಾಡಿನ ಪ್ರಾಣಿಗೆ ಉಸಿರಾಟದ ಕಾಯಿಲೆ ಹತ್ತುತ್ತದೆ. ನಾಲ್ಕೂ ಕಡೆ ಗಾಜಿರುವ ತೊಟ್ಟಿ ಅಲ್ಲಿಗೆ ಆಗಿಬರುವುದಿಲ್ಲ.

ಕರೆಂಟು ಹೋದರೆ? ನಮ್ಮ ಹವೆಯಲ್ಲಿ ಕೆಲವು ಗಂಟೆ ತಣ್ಣಗಾದರೆ ಆರೋಗ್ಯವಂತ ಪ್ರಾಣಿ ತಡೆದುಕೊಳ್ಳುತ್ತದೆ. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿನೀರು ತುಂಬಿದ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಂದು ಮೂಲೆಗೆ ಇಡಿ. ಕರೆಂಟು ಮತ್ತೆ ಬಂದಾಗಿನ ಸಮಸ್ಯೆಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ದೀಪ ಹಚ್ಚಿ ಆರಿಸಲು ಮುಳ್ಳು ತಿರುಗುವ ಟೈಮರ್ ಹಾಕಿದ್ದರೆ, ಕರೆಂಟು ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಂತಿರುತ್ತದೆ. ದಿನಕ್ಕೆ ಎರಡು ಗಂಟೆ ಕರೆಂಟು ಹೋಗುವ ಊರಿನಲ್ಲಿ ಒಂದು ವಾರ ಕಳೆಯುವುದರೊಳಗೆ ಪ್ರಾಣಿಯ ಹಗಲು ರಾತ್ರಿಗಳು ಅದಲುಬದಲು. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರಿಗೆ ಈ ತೊಂದರೆಯಿಲ್ಲ.

ನೀರು, ಹೀಟರ್, ತೇವ ಮೂರೂ ಒಂದೇ ಕಡೆ ಇರುವ ಪೆಟ್ಟಿಗೆ ನಮಗೂ ಅಪಾಯವೇ. ಅರ್ಥಿಂಗ್ ಇರುವ ತ್ರೀ-ಪಿನ್ ಸಾಕೆಟ್, ಆ ಲೈನಿಗೆ ಕರೆಂಟು ಸೋರಿದರೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ವೈರು ಪೆಟ್ಟಿಗೆಯಿಂದ ನೇರ ಸಾಕೆಟ್ಟಿಗೆ ಹೋಗಬಾರದು. ಒಮ್ಮೆ ಸಾಕೆಟ್ಟಿಗಿಂತ ಕೆಳಗೆ ಜೋಲಿ ಆಮೇಲೆ ಮೇಲೇರಲಿ. ಆಗ ವೈರಿನ ಮೇಲೆ ಹರಿದು ಬಂದ ನೀರು ಆ ಜೋಲಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ.

ಕಿಟಕಿಯ ಬಿಸಿಲು ಬಿಸಿಲಲ್ಲ

ಗಡ್ಡದ ಓತಿ, ಇಗ್ವಾನಾ, ಆಮೆಗಳಿಗೆ ಸೂರ್ಯನ ಯುವಿ-ಬಿ ಕಿರಣ ಬೇಕು. ಅದು ಚರ್ಮಕ್ಕೆ ಬಿದ್ದರೆ ಡಿ3 ಜೀವಸತ್ವ, ಅದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಇಲ್ಲದಿದ್ದರೆ ಮೂಳೆ ಮೆತ್ತಗಾಗಿ ದವಡೆ ಬಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಕಿಟಕಿಯ ಹತ್ತಿರ ಇಟ್ಟಿದ್ದೇನೆ, ಬಿಸಿಲು ಚೆನ್ನಾಗಿ ಬರುತ್ತದೆ ಎನ್ನುವವರು ಎರಡು ಸಲ ಮೋಸಹೋಗುತ್ತಾರೆ. ಕಿಟಕಿಯ ಗಾಜು ಯುವಿ-ಬಿಯನ್ನು ತಡೆಯುತ್ತದೆ, ಬಿಸಿಯನ್ನು ಮಾತ್ರ ಒಳಗೆ ಬಿಡುತ್ತದೆ. ಗಾಜಿನ ತೊಟ್ಟಿಗೆ ನೇರ ಬಿಸಿಲು ಬಿದ್ದರೆ ಅರ್ಧ ಗಂಟೆಯಲ್ಲಿ ಅದು ಒಲೆ.

ಆದ್ದರಿಂದ ದೀಪವೇ ಗತಿ. ದೀಪದ ಮುಂದೆಯೂ ಗಾಜು, ಅಕ್ರಿಲಿಕ್ ಬರಕೂಡದು. ಜಾಲರಿಯ ಮೇಲಿಟ್ಟರೆ ಅದರ ಹೆಣಿಗೆಗೆ ತಕ್ಕಂತೆ ಮೂರನೇ ಒಂದು ಭಾಗ, ಕೆಲವೊಮ್ಮೆ ಅರ್ಧದಷ್ಟು ಕಿರಣ ಅಲ್ಲೇ ಸೋರಿಹೋಗುತ್ತದೆ. ಸಂಶೋಧಕ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಹೊರಗೆ ತಮ್ಮಷ್ಟಕ್ಕೆ ಬದುಕಿರುವ ಸರೀಸೃಪಗಳು ಎಷ್ಟು ಯುವಿಗೆ ಮೈಯೊಡ್ಡುತ್ತವೆ ಎಂದು ಅಳೆದು 2010ರಲ್ಲಿ ನಾಲ್ಕು ವಲಯಗಳಾಗಿ ಹಂಚಿದರು. ಗಡ್ಡದ ಓತಿಯನ್ನು ಮೂರನೆಯ ವಲಯದ್ದೆಂದು ಎಣಿಸುತ್ತಾರೆ, ಅದು ಬಿಸಿಲು ಕಾಯುವ ಜಾಗದಲ್ಲಿ ಯುವಿ ಸೂಚ್ಯಂಕ 3ರಿಂದ 5 ಇದ್ದರೆ ಹದ. ಬಾಲ್ ಪೈಥಾನ್ ಮೊದಲನೆಯ ವಲಯದ ನೆರಳುಪ್ರಿಯ. ಅದಕ್ಕೆ ಓತಿಯ ದೀಪ ಹಾಕಿದರೆ ಕಣ್ಣಿಗೇ ಕುತ್ತು. 12 ಪರ್ಸೆಂಟ್ ಯುವಿ-ಬಿಯ ಟಿ5 ಟ್ಯೂಬನ್ನು ಓತಿಯ ಬೆನ್ನಿನಿಂದ ಒಂದರಿಂದ ಒಂದೂವರೆ ಅಡಿ ಮೇಲೆ, ಬಿಸಿಯ ಬದಿಯಲ್ಲೇ ಕೂರಿಸಿ. ಮೇಲಿನಿಂದಲೇ ಬೀಳಬೇಕು. ಓತಿಯ ಹುಬ್ಬಿನ ಏಣು ಕಣ್ಣಿಗೆ ಕೊಡೆ ಹಿಡಿಯುವುದು ಮೇಲಿನ ಬೆಳಕಿಗೆ. ಪಕ್ಕದ ಗೋಡೆಗೆ ಹಾಕಿದ ಟ್ಯೂಬಿಗೆ ಆ ಕೊಡೆ ಇಲ್ಲ. ಟ್ಯೂಬು ಉರಿಯುತ್ತಿದೆ ಎಂದರೆ ಯುವಿ ಬರುತ್ತಿದೆ ಎಂದಲ್ಲ. ಬೆಳಕು ಹಾಗೇ ಇದ್ದು ಯುವಿ ಸವೆಯುತ್ತದೆ. ಹಾಕಿದ ತಾರೀಕನ್ನು ಟ್ಯೂಬಿನ ತುದಿಯ ಮೇಲೇ ಬರೆದಿಡಿ, ವರ್ಷ ತುಂಬುತ್ತಲೇ ಬದಲಿಸಿ.

ಆಮೆಯ ಬಟ್ಟಲು

ಕೆಂಪು ಕಿವಿಯ ಆಮೆಮರಿಯನ್ನು ಪ್ಲಾಸ್ಟಿಕ್ ಬಟ್ಟಲಲ್ಲಿ, ನಡುವೆ ಒಂದು ಪ್ಲಾಸ್ಟಿಕ್ ತೆಂಗಿನಮರ ನೆಟ್ಟು ಮಾರುತ್ತಾರೆ. ಮರಿ ಎರಡು ರೂಪಾಯಿ ನಾಣ್ಯದಷ್ಟು. ಬೆಳೆದಾಗ ಚಿಪ್ಪು ಊಟದ ತಟ್ಟೆಯಷ್ಟಾಗುತ್ತದೆಂದು ಯಾರೂ ಹೇಳುವುದಿಲ್ಲ. ಬಟ್ಟಲಿನ ದೋಷಕ್ಕೆ ರಿಪೇರಿ ಇಲ್ಲ. ಚಿಪ್ಪಿನ ಪ್ರತಿ ಸೆಂಟಿಮೀಟರಿಗೆ ಸುಮಾರು 15 ಲೀಟರ್ ನೀರು ಎಂಬುದು ಸಾಕುವವರ ಒರಟು ಲೆಕ್ಕ. 20 ಸೆಂಟಿಮೀಟರ್ ಆಮೆಗೆ 300 ಲೀಟರ್, ಅಂದರೆ ನೀರೇ 300 ಕಿಲೋ. ಗೋಡೆಗೆ ಬಡಿದ ಶೆಲ್ಫು ಇದನ್ನು ಹೊರುವುದಿಲ್ಲ. ಆಮೆ ಪೂರ್ತಿ ನೀರಿನಿಂದ ಹೊರಬಂದು ಮೈ ಒಣಗಿಸಿಕೊಳ್ಳುವ ಕಟ್ಟೆ ಬೇಕು, ಹತ್ತಲು ಒರಟಾದ ಇಳಿಜಾರು ಬೇಕು. ನುಣುಪು ಟೈಲ್ಸ್ ಇಳಿಜಾರಿನಲ್ಲಿ ಆಮೆ ಜಾರಿ ಜಾರಿ ಸೋತು ನೀರಲ್ಲೇ ಉಳಿಯುತ್ತದೆ. ಚಿಪ್ಪಿಗೆ ಬೂಷ್ಟು ಬರುವುದು ಹೀಗೆ. ಕಟ್ಟೆಯ ಅಡಿಗೆ ಆಮೆ ತೂರಿ ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ, ಅಡಿಯ ಸಂದು ಪೂರ್ತಿ ಮುಚ್ಚಿರಲಿ, ಇಲ್ಲವೇ ಪೂರ್ತಿ ಅಗಲವಿರಲಿ. ಗಾಜಿನ ಹೀಟರನ್ನು ಆಮೆ ಚಿಪ್ಪಿನಿಂದ ಗುದ್ದಿ ಒಡೆಯುತ್ತದೆ, ಅದಕ್ಕೊಂದು ಕವಚ ಹಾಕಿ.

ನಾಲ್ಕಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ಅಮೆರಿಕ 1975ರಲ್ಲೇ ನಿಷೇಧಿಸಿತು. ಮಕ್ಕಳು ಅವನ್ನು ಬಾಯಿಗಿಟ್ಟುಕೊಂಡು ಸಾಲ್ಮೊನೆಲ್ಲಾ ಸೋಂಕು ತಗಲಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಆಮೆತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯುವ ಮನೆಗಳಿವೆ. ಅದನ್ನು ಇವತ್ತೇ ನಿಲ್ಲಿಸಿ. ಸಾಕಾಯಿತು ಎಂದು ಆಮೆಯನ್ನು ಕೆರೆಗೆ ಬಿಡುವುದೂ ಬೇಡ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಅಜ್ಜಿಯ ಬೀರು, ಕಲ್ಲಿನ ಬಟ್ಟಲು

ಸಣ್ಣಪುಟ್ಟ ವಿಷಯಗಳು ಇನ್ನೂ ಇವೆ. ನಮ್ಮ ಮನೆಗಳಲ್ಲಿ ಇರುವೆ ತಪ್ಪಿದ್ದಲ್ಲ, ಪೊರೆ ಬಿಡುತ್ತಿರುವ ಹಾವನ್ನೋ ಮರಿಯನ್ನೋ ಮುತ್ತಿದರೆ ಕಷ್ಟ. ಇರುವೆ ಸೀಮೆಸುಣ್ಣ ಎಳೆಯಬೇಡಿ, ಅದು ಕೀಟನಾಶಕ, ಒಳಗಿನ ಜೀವಕ್ಕೂ ವಿಷ. ನುಸಿಗುಳಿಗೆ, ಸೊಳ್ಳೆಬತ್ತಿಯ ಹೊಗೆ ಕೂಡ ಆ ಕೋಣೆಗೆ ಬೇಡ. ಅಜ್ಜಿ ತಿಂಡಿಯ ಬೀರುವಿನ ನಾಲ್ಕೂ ಕಾಲನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡುತ್ತಿದ್ದಳು. ನನ್ನ ಪೆಟ್ಟಿಗೆಯ ಸ್ಟ್ಯಾಂಡೂ ಹಾಗೇ ನಿಂತಿದೆ. ಕುಡಿಯುವ ನೀರಿಗೆ ಹಗುರ ಪ್ಲಾಸ್ಟಿಕ್ ಬಟ್ಟಲು ಇಟ್ಟರೆ ಹಾವು ದಿನಾ ಉರುಳಿಸುತ್ತದೆ, ತಳ ಕೊಳೆಯುತ್ತದೆ. ಜಾತ್ರೆಯಲ್ಲಿ ಸಿಗುವ ಬಳಪದ ಕಲ್ಲಿನ ಮರಿಗೆಯನ್ನು ಯಾವ ಹಾವೂ ಅಲುಗಿಸಲಾರದು.

ಅಲಂಕಾರಕ್ಕೆಂದು ಇಡುವ ಕಲ್ಲನ್ನು ಪುಡಿಯ ಮೇಲೆ ಇಡಬೇಡಿ. ಪ್ರಾಣಿ ಅಡಿಗೆ ಅಗೆಯುತ್ತದೆ, ಕಲ್ಲು ಕುಸಿದು ಅದರ ಮೇಲೇ ಬೀಳುತ್ತದೆ. ಮೊದಲು ತಳಕ್ಕೆ ಕಲ್ಲು ಕೂರಿಸಿ, ಆಮೇಲೆ ಸುತ್ತ ಪುಡಿ ಹರಡಿ. ಹೂಕುಂಡವನ್ನು ಬೋರಲು ಹಾಕಿ ಅಡಗುತಾಣ ಮಾಡುವವರು ತಳದ ನೀರಿಳಿಯುವ ತೂತನ್ನು ಮುಚ್ಚಬೇಕು. ತಲೆ ತೂರಿಸಿದ ಹಾವು ಮೈಯ ದಪ್ಪ ಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಹುರುಪೆಗಳು ಹಿಂದಕ್ಕೆ ಬಾಗಿರುವುದರಿಂದ ವಾಪಸು ಎಳೆಯಲೂ ಆಗದು, ಕುಂಡ ಒಡೆದೇ ಬಿಡಿಸಬೇಕು.

ಹೊಸ ಪೆಟ್ಟಿಗೆಯಾಗಲಿ ರಿಪೇರಿ ಮಾಡಿದ್ದಾಗಲಿ, ಪ್ರಾಣಿಯನ್ನು ಬಿಡುವ ಮೊದಲು ಮೂರು ದಿನ ಖಾಲಿ ಓಡಿಸಿ. ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಥರ್ಮಾಮೀಟರನ್ನು ಎರಡೂ ತುದಿಗೆ ಇಡಿ, ಥರ್ಮೋಸ್ಟಾಟಿನ ಪರದೆಯನ್ನೇ ನಂಬಬೇಡಿ. ಒಂದು ಮಧ್ಯಾಹ್ನ ಥರ್ಮೋಸ್ಟಾಟನ್ನು ತಪ್ಪಿಸಿ ಹೀಟರನ್ನು ನೇರ ಸಾಕೆಟ್ಟಿಗೆ ಹಾಕಿ, ಮನೆಯಲ್ಲೇ ಇದ್ದು ಗಂಟೆಗೊಮ್ಮೆ ನೋಡಿ. ತಂಪಿನ ತುದಿ ಎಷ್ಟಕ್ಕೆ ಏರಿ ನಿಲ್ಲುತ್ತದೋ ಬರೆದುಕೊಳ್ಳಿ. ಬಾಲ್ ಪೈಥಾನಿನ ಪೆಟ್ಟಿಗೆಯಲ್ಲಿ ಆ ಅಂಕಿ 33 ದಾಟಿದರೆ ಹೀಟರಿನ ವ್ಯಾಟು ಇಳಿಸಬೇಕು. ರಾತ್ರಿ ಕೋಣೆಯ ದೀಪ ಆರಿಸಿ, ಪೆಟ್ಟಿಗೆಯೊಳಗೆ ಟಾರ್ಚು ಹಚ್ಚಿಟ್ಟು, ಸುತ್ತ ಒಂದು ಸುತ್ತು ಬನ್ನಿ. ನೆಲದ ಮೇಲೆ ಮಲಗಿ ಅಡಿಯಿಂದಲೂ ನೋಡಿ. ಬೆಳಕು ಎಲ್ಲೆಲ್ಲಿ ಸೋರುತ್ತದೋ ಅಲ್ಲೆಲ್ಲ ಒಂದು ಸಂದಿದೆ. ಗಾಳಿಕಿಂಡಿ ಬಿಟ್ಟು ಬೇರೆಲ್ಲಾದರೂ ಕಂಡರೆ ಸೀಮೆಸುಣ್ಣದಿಂದ ಗುರುತು ಹಾಕಿ.

ಹೋದ ವಾರ ನಾನೂ ಹಾಗೆ ಸುತ್ತು ಬಂದೆ. ಎಲ್ಲ ಸರಿಯಿದೆ ಎಂದುಕೊಂಡು ಏಳುವಾಗ ಎಡಗಡೆಯ ಕೆಳಮೂಲೆಯಲ್ಲಿ, ಪ್ಲೈ ಸ್ವಲ್ಪ ಬಿರಿದ ಕಡೆ, ದಾರದೆಳೆಯಷ್ಟು ಬೆಳಕು ಕಂಡಿತು. ಸಿಲಿಕೋನ್ ಎಳೆದಿದ್ದೇನೆ, ಹುಳಿ ವಾಸನೆ ಇನ್ನೂ ಹೋಗಿಲ್ಲ. ಹಾವು ಸದ್ಯಕ್ಕೆ ಹಳೆಯ ಡಬ್ಬಿಯಲ್ಲಿದೆ. ಮುಚ್ಚಳಕ್ಕೆ ನಾಲ್ಕು ಕ್ಲಿಪ್ಪು ಹಾಕಿದ್ದೇನೆ. ಆದರೂ ರಾತ್ರಿ ನೀರು ಕುಡಿಯಲು ಎದ್ದವನು ಫ್ರಿಜ್ಜಿನ ಹಿಂದೆ ಒಮ್ಮೆ ಟಾರ್ಚು ಬಿಟ್ಟು ನೋಡಿಯೇ ಮಲಗುತ್ತೇನೆ.